ಕಲ್ಲು ನಾಲಿಗೆ ಬಿಡುವ ಹೊತ್ತು

ಆ ಬುಧವಾರ ಬೆಳಿಗ್ಗೆ ಮಂಜು ಎಂಥದ್ದು ಬಿದ್ದಿತ್ತೆಂದರೆ, ಕೈ ಚಾಚಿದರೆ ತನ್ನ ಬೆರಳೇ ಬೇರೆಯವರದ್ದು ಅನ್ನಿಸುತ್ತಿತ್ತು. ಗಾಳಿ ಇಲ್ಲ, ಹಕ್ಕಿಯ ದನಿ ಇಲ್ಲ. ಗುಡ್ಡ ಎಲ್ಲಿದೆ, ಗಣಿ ಎಲ್ಲಿದೆ, ಕಲ್ಲು ಮಲಗಿಸುವ ಹೊಂಡಗಳು ಎಲ್ಲಿವೆ ಎಂಬುದು ಕಣ್ಣಿಗೆ ತಿಳಿಯದೆ ಕಾಲಿಗೆ ಮಾತ್ರ ತಿಳಿದಿತ್ತು. ದೇವರು ಲೋಕವನ್ನೆಲ್ಲ ಒಮ್ಮೆ ಒರೆಸಿಟ್ಟು, ಇನ್ನು ಏನು ಬರೆಯಲಿ ಎಂದು ಯೋಚಿಸುತ್ತ ಕುಳಿತ ಹಾಗಿತ್ತು.

ಆ ಮಂಜಿನಲ್ಲಿ ನಾಲಿಗೆಯಮ್ಮ ಹೊಂಡಗಳ ಕಡೆಗೆ ಇಳಿದು ಬರುತ್ತಿದ್ದಳು. ಎದೆ ಅವಳಿಗಿಂತ ಎರಡು ಹೆಜ್ಜೆ ಮುಂದೆ ಓಡುತ್ತಿತ್ತು.

ನಾಲಿಗೆಯಮ್ಮ ಎಂಬ ಹೆಸರು ಅವಳ ಮಾತಿನ ಮೊನಚಿಗೆ ಬಂದದ್ದಲ್ಲ. ಬಂದಿದ್ದರೂ ಯಾರೂ ಬೇಡ ಅನ್ನುತ್ತಿರಲಿಲ್ಲ, ಅದು ಬೇರೆ. ಆ ಊರಿನ ಕಸುಬು ಮಸೆಗಲ್ಲು. ಕತ್ತಿ, ಕುಡುಗೋಲು, ಕ್ಷೌರದ ಬಾಳು, ಏನೇ ಇರಲಿ, ಆ ಗುಡ್ಡದ ಕಲ್ಲಿನ ಮೇಲೆ ನಾಲ್ಕು ಸಲ ಎಳೆದರೆ ಕೂದಲು ಸೀಳುವಷ್ಟು ಹರಿತವಾಗುತ್ತದೆ. ಆದರೆ ಗುಡ್ಡದ ಹೊಟ್ಟೆಯಿಂದ ಆಗಷ್ಟೇ ತೆಗೆದ ಕಲ್ಲು ಹಸಿಗೂಸು. ಅದಕ್ಕೆ ಗರಗಸ ಇಟ್ಟರೆ ಸೀಳಿ ಹೋಗುತ್ತದೆ. ಜೇಡಿನೀರಿನ ಹೊಂಡದಲ್ಲಿ ಅದನ್ನು ಮಲಗಿಸಬೇಕು, ಮಾಗಿಸಬೇಕು. ಮಾಗಿದೆಯೋ ಇಲ್ಲವೋ ಎಂದು ನೋಡುವುದಕ್ಕೆ ಅಜ್ಜ ಮುತ್ತಜ್ಜಂದಿರು ಕಂಡುಕೊಂಡ ದಾರಿ ಒಂದೇ. ಕಲ್ಲನ್ನು ತೆಗೆದು, ಒರೆಸಿ, ಆರಿಸಿ, ನಾಲಿಗೆಯ ತುದಿಗೆ ಮುಟ್ಟಿಸುವುದು. ಹಸಿ ಕಲ್ಲು ನಾಲಿಗೆಯನ್ನು ಕಚ್ಚಿ ಹಿಡಿಯುತ್ತದೆ. ಮಾಗಿದ ಕಲ್ಲು ಬಿಟ್ಟುಕೊಡುತ್ತದೆ. ಅಷ್ಟೇ. ಕೆಲವು ಕಲ್ಲು ಐದು ತಿಂಗಳಿಗೆ ಬಿಡುತ್ತದೆ, ಕೆಲವು ಹದಿನಾಲ್ಕಾದರೂ ಬಿಡುವುದಿಲ್ಲ. ಹೊತ್ತು ಮೀರಿ ಮಲಗಿಸಿದರೆ ಈರುಳ್ಳಿಯ ಹಾಗೆ ಪದರು ಪದರಾಗಿ ಕಳಚಿಬಿಡುತ್ತದೆ. ನಲವತ್ತು ಮನೆಯ ಕಲ್ಲಿಗೂ ಈ ಪರೀಕ್ಷೆ ಮಾಡುವವಳು ಅವಳೇ, ಅವಳ ಅತ್ತೆ ತೀರಿಕೊಂಡ ದಿನದಿಂದ.

ಹನ್ನೊಂದು ವರ್ಷದ ಹಿಂದೆ ಸರ್ಕಾರ ಆ ಕಲ್ಲಿಗೆ ಗುರುತು ಕೊಟ್ಟಿತು. ಈ ಗುಡ್ಡದ ಹೆಸರನ್ನು ಈ ಗುಡ್ಡದ ಕಲ್ಲಿಗೇ ಇಡಬೇಕು, ಬೇರೆ ಯಾರೂ ಇಡಕೂಡದು ಎಂದು ದೊಡ್ಡ ನೋಂದಣಿ ಪುಸ್ತಕದಲ್ಲಿ ಬರೆದುಕೊಂಡಿತು. ಮನೆಗೊಂದರಂತೆ ನಲವತ್ತು ಉಕ್ಕಿನ ಮುದ್ರೆ ಬಂದವು. ಕಲ್ಲಿನ ಪಕ್ಕೆಗೆ ಮುದ್ರೆ ಹೊಡೆದರೆ ಅದು ಊರೂರು ಸುತ್ತುವ ಮಸೆಗಲ್ಲು, ಹೊಡೆಯದಿದ್ದರೆ ಬಾಗಿಲಿಗೆ ಒತ್ತು ಕೊಡುವ ಕಲ್ಲು.

ಹೋದ ವರ್ಷ ಒಂದು ಮುದ್ರೆಯನ್ನು ಊರಿನ ಮಸೆಗಲ್ಲಿನವರ ಸಂಘ ಕಿತ್ತುಕೊಂಡಿತು. ಅದು ನಾಲಿಗೆಯಮ್ಮನ ಸತ್ತುಹೋದ ತಂಗಿಯ ಮಗನದು. ಏಳು ತಿಂಗಳಿಗೇ ಕಲ್ಲು ತೆಗೆದ, ಪುಸ್ತಕದಲ್ಲಿ ಹನ್ನೆರಡು ತಿಂಗಳು ಎಂದಿದೆ, ನಿಯಮ ಮುರಿದ ಎಂದು ಸಂಘದ ಅಧ್ಯಕ್ಷ ಓದಿ ಹೇಳಿದ. ಅಧ್ಯಕ್ಷ ನಾಲಿಗೆಯಮ್ಮನ ಮೈದುನ. ಅವನಿಗೂ ಆ ಹುಡುಗನಿಗೂ ಗಣಿಯ ಸರದಿಯ ವಿಷಯದಲ್ಲಿ ಹಳೆಯ ಜಟಾಪಟಿ ಇದ್ದದ್ದು ಎಲ್ಲರಿಗೂ ಗೊತ್ತು. ಏಳು ತಿಂಗಳಿಗೆ ತೆಗೆಯದ ಮನೆ ಊರಲ್ಲಿ ಒಂದೂ ಇಲ್ಲ ಎಂಬುದೂ ಗೊತ್ತು. ಆ ಕಲ್ಲುಗಳನ್ನು ನಾಲಿಗೆಯಮ್ಮನೇ ನೋಡಿ 'ಬಿಟ್ಟಿದೆ, ತೆಗಿ' ಎಂದಿದ್ದಳು. ಆದರೂ ಅವತ್ತು ಸಭೆಯಲ್ಲಿ ಅವಳು ಸೆರಗಿನ ತುದಿಯನ್ನು ತಿರುಚುತ್ತ ಕುಳಿತಳೇ ಹೊರತು ಬಾಯಿ ಬಿಡಲಿಲ್ಲ. ಹುಡುಗ ಮುದ್ರೆ ಕೊಟ್ಟು ಹೋದ. ಆಮೇಲೆ ನೋಂದಣಿಯ ಮೇಲ್ವಿಚಾರಣೆಯ ಕಚೇರಿಗೆ ದೂರು ಬರೆದ.

ಆ ಕಚೇರಿಯಿಂದ ಬಂದ ಕಾಗದವನ್ನು ಅಧ್ಯಕ್ಷ ಮೂರು ಸಲ ಓದಿದ್ದ. 'ಬುಧವಾರ ಅಧಿಕಾರಿ ಬರುತ್ತಾರೆ. ಎಲ್ಲ ಮನೆಗಳೂ ಪುಸ್ತಕದಲ್ಲಿ ಬರೆದ ಕ್ರಮದಂತೆ ನಡೆಯುತ್ತಿವೆಯೇ ಎಂದು ನೋಡುತ್ತಾರೆ. ನಡೆಯದಿದ್ದಲ್ಲಿ ನೋಂದಣಿಯನ್ನೇ ತಡೆಹಿಡಿಯಬಹುದು.'

ಅಂದರೆ ನಲವತ್ತು ಮನೆಯ ಮುದ್ರೆ. ಕಾಗದ ಬಂದಂದಿನಿಂದ ನಾಲಿಗೆಯಮ್ಮನ ಗಂಟಲಲ್ಲಿ ಅನ್ನ ಇಳಿದಿರಲಿಲ್ಲ.

ಹೊಂಡದ ದಂಡೆಯಲ್ಲಿ ಅಧ್ಯಕ್ಷ ಸೀಮೆಸುಣ್ಣ ಹಿಡಿದು ನಿಂತಿದ್ದ. ಒಂಬತ್ತು ಹೊಂಡ, ಒಂದೊಂದಕ್ಕೂ ಒಂದು ಕಂಬ, ಕಂಬಕ್ಕೊಂದು ಕರಿಹಲಗೆ. ಕಲ್ಲು ಮಲಗಿಸಿದ ತಾರೀಖು ಹಲಗೆಯ ಮೇಲೆ.

"ಬಂದ್ರಾ ಅತ್ತಿಗೆ? ಸದ್ಯ. ಈ ಮಂಜನ್ನ ದೇವರೇ ಕಳಿಸಿರೋದು ನೋಡಿ. ಹತ್ತು ಗಂಟೆವರೆಗೂ ಯಾರ ಕಣ್ಣಿಗೂ ಏನೂ ಬೀಳಲ್ಲ."

"ದೇವರಿಗೆ ಬೇರೆ ಕೆಲಸ ಇಲ್ವೇನೋ, ನಿನ್ನ ಕಳ್ಳತನಕ್ಕೆ ಪರದೆ ಹಿಡ್ಕೊಂಡು ನಿಲ್ಲೋದಕ್ಕೆ?"

"ಕಳ್ಳತನ ಅಲ್ಲ ಅತ್ತಿಗೆ, ಜಾಗ್ರತೆ. ಆರು ಹಲಗೆ, ಅಷ್ಟೇ. ತಿಂಗಳು ಸ್ವಲ್ಪ ಹಿಂದಕ್ಕೆ ಹಾಕಿದ್ರೆ ಎಲ್ಲಾ ವರ್ಷ ದಾಟಿದ ಕಲ್ಲೇ."

"ಅದಕ್ಕೆ ನನ್ನ ಯಾಕೆ ಕರೆಸ್ದೆ? ನೀನೇ ಗೀಚು."

"ನನ್ನ ಅಕ್ಷರ ಕೋಳಿ ಕೆದರಿದ ಹಾಗಿರತ್ತೆ. ಎಲ್ಲಾ ಹಲಗೇಲೂ ನಿಮ್ಮ ಕೈಬರಹ. ಬೇರೆ ಕೈ ಕಂಡ್ರೆ ಸಿಕ್ಕಿಬೀಳ್ತೀವಿ." ಅವನು ಸೀಮೆಸುಣ್ಣವನ್ನು ಅವಳ ಅಂಗೈಗೆ ಒತ್ತಿದ. "ಆ ಹನ್ನೆರಡು ತಿಂಗಳು ಅಂತ ಯಾವ ಪುಣ್ಯಾತ್ಮ ಬರೆಸಿದ್ನೋ! ಕೈಗೆ ಸಿಕ್ರೆ ಅವನನ್ನೇ ಈ ಹೊಂಡದಲ್ಲಿ ಒಂದು ವರ್ಷ ಮಲಗಿಸ್ತಿದ್ದೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾಲಿಗೆಯಮ್ಮ ಹೆಗಲು ಮುಟ್ಟಿಕೊಳ್ಳಲಿಲ್ಲ, ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು.

ಬರೆಸಿದವಳು ಅವಳೇ. ಆಗ ಅವಳ ಗಂಡ ಅಧ್ಯಕ್ಷ, ಆದರೆ ಜ್ವರ ಬಂದು ಹಾಸಿಗೆ ಹಿಡಿದಿದ್ದ. ಕಾಗದಪತ್ರ ಹೊತ್ತು ನೋಂದಣಿಯ ಕಚೇರಿಗೆ ಹೋದವಳು ಅವಳೊಬ್ಬಳೇ. ಎತ್ತರದ ಮೇಜು, ಅದರಾಚೆ ಗುಮಾಸ್ತ, ಬೆನ್ನಿಗೆ ಉದ್ದ ಸಾಲು. "ಕಲ್ಲು ಮಾಗಿದ್ದು ಹೇಗೆ ಗೊತ್ತಾಗತ್ತೆ?" ಎಂದು ಗುಮಾಸ್ತ ಕೇಳಿದ. ಅವಳು ನಾಲಿಗೆ ಹೊರಹಾಕಿ ಮುಟ್ಟಿ ತೋರಿಸಿದಳು. ಸಾಲಿನಲ್ಲಿದ್ದವರು ಗೊಳ್ಳೆಂದು ನಕ್ಕರು. ಗುಮಾಸ್ತನೂ ನಕ್ಕ. "ನೆಕ್ಕೋದು ಅಂತ ಸರ್ಕಾರಿ ಪುಸ್ತಕದಲ್ಲಿ ಬರೆಯಕ್ಕಾಗಲ್ಲ ಅಮ್ಮಾ. ಎಷ್ಟು ತಿಂಗಳು, ಅದು ಹೇಳಿ. ಇಲ್ಲಿ ಅಂಕಿ ಬೇಕು." ಅವಳ ಮುಖ ಕೆಂಪಾಯಿತು, ತಲೆ ಖಾಲಿಯಾಯಿತು. ತಾನು ಕಂಡ ಕಲ್ಲುಗಳಲ್ಲೆಲ್ಲ ಶ್ರೇಷ್ಠವಾದ ಒಂದು ಕಲ್ಲು ನೆನಪಾಯಿತು. ಅದು ಸರಿಯಾಗಿ ಒಂದು ವರ್ಷ ಮಲಗಿತ್ತು. ಮಕ್ಕಳೆಷ್ಟು ಅಂದರೆ ತಾಯಿ ಜಾಣಮಗನ ಹೆಸರನ್ನೇ ಮೊದಲು ಹೇಳುವ ಹಾಗೆ ಅವಳು ಹೇಳಿದಳು: "ಹನ್ನೆರಡು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗುಮಾಸ್ತ ಬರೆದುಕೊಂಡ. ಮನೆಗೆ ಬಂದು ಗಂಡನಿಗೂ ಹೇಳಲಿಲ್ಲ. ಅವನು ಹೋದ ಮೇಲೆ ಹೇಳುವವರೇ ಉಳಿಯಲಿಲ್ಲ.

ಈಗ ಅವಳು ಮೊದಲ ಹಲಗೆಯನ್ನು ಸೆರಗಿನಿಂದ ಒರೆಸಿದಳು. 'ತಪ್ಪು ನನ್ನದು, ಊರಿಗೆ ಯಾಕೆ ಶಿಕ್ಷೆ' ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಬರೆದಳು. ಎರಡನೆಯದನ್ನು ಬರೆದಳು. ಮೂರನೆಯದು ಮುಗಿಯುತ್ತಿದ್ದಂತೆ ಮಂಜಿನೊಳಗಿಂದ ಎರಡು ಹಳದಿ ಕಣ್ಣು ತೇಲಿಬಂದವು. ವಾಹನ. ಚಾಲಕ ಮಂಜಿಗೆ ಹೆದರಿ ಎರಡು ಗಂಟೆ ಮುಂಚೆಯೇ ಹೊರಟಿದ್ದನಂತೆ.

"ಇನ್ನೂ ಮೂರು ಉಳಿದ್ವಲ್ಲ!" ಅಧ್ಯಕ್ಷ ಹಲ್ಲು ಕಚ್ಚಿದ.

ನಾಲಿಗೆಯಮ್ಮ ಸೀಮೆಸುಣ್ಣವನ್ನು ಹೊಂಡಕ್ಕೆ ಹಾಕಿದಳು. ಅದು ಮುಳುಗಿದ ಸದ್ದು ಇಡೀ ಊರಿಗೆ ಕೇಳಿಸಿತು ಅನ್ನಿಸಿತು.

ಇಳಿದ ಅಧಿಕಾರಿ ಹೆಂಗಸು. ನಲವತ್ತರ ಆಸುಪಾಸು, ಹೆಗಲಲ್ಲಿ ಬಟ್ಟೆಯ ಚೀಲ, ಕಾಲಲ್ಲಿ ಕೆಸರಿಗೆ ಹೆದರದ ಚಪ್ಪಲಿ. "ನಮಸ್ಕಾರ. ಬೇಗ ಬಂದ್ಬಿಟ್ಟೆ, ತೊಂದರೆ ಆಯ್ತೇನೋ" ಎಂದಳು. "ಮೊದಲು ಹೊಂಡ ನೋಡ್ಬಿಡೋಣ."

ಒಂದೊಂದೇ ಹಲಗೆಯ ಮುಂದೆ ನಿಂತು ತಾರೀಖು ಬರೆದುಕೊಂಡಳು. ಮೂರನೆಯದರ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಂತಳು. ಮಂಜು ಕುಡಿದ ಹಲಗೆಗಳ ಮೇಲೆ ಹಳೆಯ ಸುಣ್ಣ ಬೂದಿಯಾಗಿ ಮಸುಕಾಗಿತ್ತು. ಈ ಮೂರರ ಮೇಲೆ ಮಾತ್ರ ಆಗಷ್ಟೇ ಹಾಲು ಚೆಲ್ಲಿದ ಹಾಗೆ ಬೆಳ್ಳಗಿತ್ತು. ಅಧಿಕಾರಿ ಬೆರಳಿನಿಂದ ಮುಟ್ಟಿದಳು. ಬೆರಳನ್ನು ನೋಡಿದಳು.

"ಈ ಮೂರು ಇವತ್ತು ಬೆಳಿಗ್ಗೆ ಎದ್ದು ಮುಖ ತೊಳೆದುಕೊಂಡ ಹಾಗಿದೆಯಲ್ಲ?"

"ಮಳೆಗಾಳಿಗೆ ಅಳಿಸಿ ಹೋಗತ್ತೆ ಮೇಡಂ, ಆಗಾಗ ತಿದ್ದಿ ಬರೀತೀವಿ," ಎಂದ ಅಧ್ಯಕ್ಷ.

"ಹೌದಾ." ಅಷ್ಟೇ ಅಂದಳು. ಬೈದಿದ್ದರೆ ನಾಲಿಗೆಯಮ್ಮನಿಗೆ ಅಷ್ಟು ಭಯವಾಗುತ್ತಿರಲಿಲ್ಲ.

ಗರಗಸದ ಕೊಟ್ಟಿಗೆಯಲ್ಲಿ ಒಲೆ ಉರಿಯುತ್ತಿತ್ತು. ಕಲ್ಲಿನ ಪುಡಿ ಕಿಟಕಿ, ಬೆಂಚು, ಜೇಡರಬಲೆಯ ಮೇಲೆಲ್ಲ ಹಿಟ್ಟಿನಂತೆ ಕೂತಿತ್ತು. ಅಧಿಕಾರಿ ಚೀಲದಿಂದ ಪುಸ್ತಕದ ನಕಲು ತೆಗೆದು ಓದಿದಳು: "'ಕಲ್ಲನ್ನು ಜೇಡಿನೀರಿನಲ್ಲಿ ಹನ್ನೆರಡು ತಿಂಗಳು ಇರಿಸತಕ್ಕದ್ದು.' ಇದರ ಪ್ರಕಾರ ನಡೀತಿದೀರಾ?"

"ಅಕ್ಷರಶಃ," ಎಂದ ಅಧ್ಯಕ್ಷ.

"ಮೂರು ಹಲಗೇಲಿ ವರ್ಷ ಆಗಿಲ್ಲ."

"ಅವನ್ನ ತೆಗೆಯಲ್ಲ ಮೇಡಂ. ವರ್ಷ ತುಂಬೋವರೆಗೂ ಮುಟ್ಟೋದೇ ಇಲ್ಲ."

ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ತಂಗಿಯ ಮಗ. ತಲೆ ಬಾಗಿಲಿನ ಮೇಲಿನ ಪಟ್ಟಿಗೆ ತಾಗುವಷ್ಟು ಎತ್ತರ, ದನಿ ಮಾತ್ರ ಸಣ್ಣದು. ಒಳಗೆ ಬರಲೋ ಬೇಡವೋ ಎಂಬಂತೆ ನಿಂತ.

"ದೂರು ಕೊಟ್ಟೋರು ನೀವೇನಾ? ಬನ್ನಿ. ಏಳು ತಿಂಗಳಿಗೆ ತೆಗೆದಿದ್ದು ನಿಜವಾ?"

"ನಿಜ ಮೇಡಂ. ಸುಳ್ಳು ಹೇಳಕ್ಕೆ ಬಂದಿಲ್ಲ. ಕಲ್ಲು ಬಿಟ್ಟಿತ್ತು, ತೆಗೆದೆ. ಎಲ್ರೂ ಹಾಗೇ ತೆಗೆಯೋದು." ಅವನು ನಾಲಿಗೆಯಮ್ಮನ ಕಡೆ ನೋಡಿದ. "ದೊಡ್ಡಮ್ಮನೇ ನೋಡಿ ಹೇಳಿದ್ರು."

ಎಲ್ಲರ ಕಣ್ಣೂ ನಾಲಿಗೆಯಮ್ಮನ ಮೇಲೆ ಬಿದ್ದವು. ಅಧ್ಯಕ್ಷನ ಕಣ್ಣು ಹೇಳುತ್ತಿತ್ತು: ಇಲ್ಲ ಅನ್ನಿ ಅತ್ತಿಗೆ. ಒಂದೇ ಒಂದು ಮಾತು, ಇಲ್ಲ. ನಲವತ್ತು ಮನೆ ಉಳಿಯತ್ತೆ.

ಇಲ್ಲ ಅಂದರೆ ಈ ಹುಡುಗ ಸುಳ್ಳುಗಾರನಾಗುತ್ತಾನೆ. ತಂಗಿ ಸಾಯುವಾಗ ಕೈಗೆ ಕೊಟ್ಟು ಹೋದ ಹುಡುಗ. ಹೌದು ಅಂದರೆ ಊರೇ ಬೀದಿಗೆ. ದೇವರೇ, ನಿನ್ನ ಹತ್ತಿರ ಮೂರನೆಯ ಮಾತು ಒಂದಿದ್ದರೆ ಕೊಡಪ್ಪಾ ಎಂದು ಬೇಡಿಕೊಂಡಳು. ದೇವರು ಕೊಡಲಿಲ್ಲ. ಇದ್ದದ್ದು ಎರಡೇ.

"ಹೌದು," ಎಂದಳು. ತನ್ನ ದನಿ ತನಗೇ ದೂರದಿಂದ ಕೇಳಿಸಿತು. "ನಾನೇ ಹೇಳಿದ್ದು. ಎಲ್ಲಾ ಮನೆಗೂ ನಾನೇ ಹೇಳೋದು. ತಿಂಗಳು ನೋಡಿ ಯಾರೂ ತೆಗೆಯಲ್ಲ. ಆ ಮೂರು ಹಲಗೇನೂ ಈಗ ನಾನೇ ತಿದ್ದಿದ್ದು. ಇನ್ನೊಂದಿದೆ ತಾಯಿ... ಆ ಹನ್ನೆರಡು ಅಂತ ಬರೆಸಿದವಳೂ ನಾನೇ."

ಅಧ್ಯಕ್ಷ ಬೆಂಚಿನ ಮೇಲೆ ಕುಸಿದು ಕೂತ. "ಅತ್ತಿಗೆ..." ಎಂದ. ಹೊಂಡದಲ್ಲಿ ಒಂದು ವರ್ಷ ಮಲಗಿಸುವ ಮಾತು ಅವನಿಗೆ ನೆನಪಾಗಿರಬೇಕು.

ಅವಳು ಎಲ್ಲ ಹೇಳಿದಳು. ಎತ್ತರದ ಮೇಜು, ಜನರ ನಗು, ಗುಮಾಸ್ತನ ಅಂಕಿ. ಅಧಿಕಾರಿ ನಗಲಿಲ್ಲ.

"ನಾಲಿಗೆಯಲ್ಲಿ ನಿಜವಾಗ್ಲೂ ಗೊತ್ತಾಗತ್ತಾ?"

"ಗೊತ್ತಾಗತ್ತೆ."

"ತೋರಿಸ್ತೀರಾ? ನೀವು ಹೇಳ್ತೀರಿ ಅಂತ ನಂಬಿ ನಾನು ಬರೆಯಕ್ಕಾಗಲ್ಲ."

ಐದು ಬೇರೆ ಬೇರೆ ಹೊಂಡದಿಂದ ಅಧಿಕಾರಿ ತಾನೇ ನಿಂತು ಐದು ಕಲ್ಲು ತೆಗೆಸಿದಳು. ಒರೆಸಿ, ಒಲೆಯ ಪಕ್ಕ ಆರಿಸಿ, ಯಾವುದು ಯಾವ ಹೊಂಡದ್ದು ಎಂದು ತನಗೆ ಮಾತ್ರ ತಿಳಿಯುವ ಹಾಗೆ ಚೀಟಿ ಬರೆದುಕೊಂಡು ಬೆಂಚಿನ ಮೇಲೆ ಸಾಲಾಗಿ ಇಟ್ಟಳು.

ನಾಲಿಗೆಯಮ್ಮ ಮೊದಲ ಕಲ್ಲು ಎತ್ತಿದಳು. ಮುಟ್ಟಿಸಿದಳು. ಹಿಡಿಯಿತು. ಎರಡನೆಯದು, ಹಿಡಿಯಿತು. ಮೂರು, ನಾಲ್ಕು, ಐದು. ಎಲ್ಲವೂ ಕಚ್ಚಿ ಹಿಡಿದವು.

"ಎಲ್ಲಾ ಹಸಿ," ಎಂದಳು ಬೆರಗಾಗಿ.

"ಐದೂ?" ಅಧಿಕಾರಿಯ ಲೇಖನಿ ನಿಂತಿತು. "ಅಮ್ಮಾ, ಇದರಲ್ಲಿ ನೀವೇ ಹದಿನೈದು ದಿನದ ಹಿಂದೆ ಮಾಗಿದೆ ಅಂದಿದ್ದ ಹೊಂಡದ್ದೂ ಇದೆ ಅಂತ ಕಲ್ಲು ತೆಗೆದೋರು ಹೇಳಿದ್ರಲ್ಲ?"

ನಾಲಿಗೆಯಮ್ಮನಿಗೆ ನೆಲ ಬಾಯ್ಬಿಟ್ಟಂತಾಯಿತು. ಮೂವತ್ತು ವರ್ಷದಲ್ಲಿ ಒಂದು ಸಲವೂ ಹೀಗಾಗಿರಲಿಲ್ಲ. ಇಷ್ಟು ದಿನ ತಾನು ಹೇಳಿದ್ದೆಲ್ಲ ಸುಳ್ಳೇ? ಬಾಯಿ ಮರಳುಗಾಡು. ಬಾಯಿ. ಅವಳು ತುಟಿ ಮುಟ್ಟಿಕೊಂಡಳು. ನಾಲಿಗೆ ಒಣಗಿದ ಚರ್ಮದ ತುಂಡಾಗಿತ್ತು.

"ಹೆದರಿಕೆ ತಾಯಿ," ಎಂದಳು ಮೆಲ್ಲಗೆ. "ಒಂದು ವಾರದಿಂದ ಬಾಯಲ್ಲಿ ಪಸೆ ಇಲ್ಲ. ಒಣ ನಾಲಿಗೇನ ಯಾವ ಕಲ್ಲಾದ್ರೂ ಹಿಡ್ಕೊಳತ್ತೆ."

"ಅಲ್ಲಾ ದೊಡ್ಡಮ್ಮ, ಜನ ಹೆದರ್ಸೋ ನಿಮ್ಮ ನಾಲಿಗೆಗೇ ಹೆದರಿಕೆ ಬಂತಾ?" ಎಂದ ತಂಗಿಯ ಮಗ. ವರ್ಷದ ಮೇಲೆ ಅವಳೊಂದಿಗೆ ಆಡಿದ ಮೊದಲ ಮಾತು ಅದು. ಅವಳಿಗೆ ನಗು ಬರಲಿಲ್ಲ, ಕಣ್ಣು ತುಂಬಿತು.

ಅಧಿಕಾರಿ ತನ್ನ ನೀರಿನ ಬಾಟಲಿ ಮುಂದಿಟ್ಟಳು. "ಕುಡೀರಿ. ಅವಸರ ಏನಿಲ್ಲ. ಅಷ್ಟರಲ್ಲಿ ಇವರು ನೋಡಲಿ. ನೀವು ಆ ಕಡೆ ತಿರುಗಿ ಕೂತ್ಕೊಳ್ಳಿ."

ಅವಳು ಗೋಡೆಗೆ ಮುಖ ಮಾಡಿ ಕುಳಿತು ಗುಟುಕು ಗುಟುಕಾಗಿ ನೀರು ಕುಡಿದಳು. ಹುಡುಗ ಐದನ್ನೂ ನೋಡಿ, ಅಧಿಕಾರಿಯ ಕಿವಿಗೆ ಮಾತ್ರ ಹೇಳಿ ಹೊರಗೆ ಹೋದ. ಅಧಿಕಾರಿ ಕಲ್ಲಿನ ಜಾಗ ಬದಲಿಸಿದಳು. ಆಮೇಲೆ ನಾಲಿಗೆಯಮ್ಮ ನೋಡಿದಳು. ಈ ಸಲ ಎರಡು ಕಲ್ಲು ನಾಲಿಗೆ ಬಿಟ್ಟವು, ಎರಡು ಹಿಡಿದವು. ಐದನೆಯದನ್ನು ಎರಡು ಸಲ ಮುಟ್ಟಿಸಿ, ಬಿಟ್ಟಿದೆ ಎಂದಳು.

ನಾಲ್ಕರಲ್ಲಿ ಇಬ್ಬರ ಮಾತೂ ಒಂದೇ. ಐದನೆಯದನ್ನು ಹುಡುಗ ಹಸಿ ಎಂದಿದ್ದ. ಅಧಿಕಾರಿ ಸುತ್ತ ನೋಡಿ, ಯಾರೂ ಚಿತ್ರ ತೆಗೆಯುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡವಳಂತೆ, ಹಸಿ ಎಂದಿದ್ದ ಒಂದು ಕಲ್ಲನ್ನು ತಾನೂ ನಾಲಿಗೆಗೆ ಮುಟ್ಟಿಸಿದಳು. "ಅಯ್ಯಯ್ಯೋ!" ಎಂದು ಬಿಡಿಸಿಕೊಂಡಳು. ಮಾಗಿದ್ದನ್ನು ಮುಟ್ಟಿಸಿದಳು, ಅದು ಸಲೀಸಾಗಿ ಬಿಟ್ಟಿತು. ಐದನೆಯದನ್ನು ಮುಟ್ಟಿಸಿ ತಲೆ ಆಡಿಸಿದಳು. "ಇದು ನನಗೂ ಗೊತ್ತಾಗ್ತಿಲ್ಲ."

ಗರಗಸಕ್ಕೆ ಕೊಟ್ಟರು. ಮಧ್ಯಾಹ್ನದವರೆಗೂ ಕೊಟ್ಟಿಗೆಯಲ್ಲಿ ಅದೊಂದೇ ಸದ್ದು. ಮಾಗಿದವು ಎಂದ ಎರಡೂ ಬೆಣ್ಣೆಯಂತೆ ಕೊಯ್ಯಿಸಿಕೊಂಡವು. ಹಸಿ ಎಂದ ಎರಡೂ ಸೀಳಿದವು. ಐದನೆಯದು ಕೊನೆಯವರೆಗೂ ಚೆನ್ನಾಗಿ ಬಂದು, ಇನ್ನೇನು ಮುಗಿಯಿತು ಅನ್ನುವಾಗ ಮೂಲೆ ಮುರಿದುಕೊಂಡಿತು. ಹುಡುಗ ನನ್ನದೇ ಸರಿ ಎಂದ, ನಾಲಿಗೆಯಮ್ಮ ನನ್ನದೇ ಸರಿ ಎಂದಳು.

ಅಧಿಕಾರಿ ಚೀಟಿ ತಿರುಗಿಸಿ ನೋಡಿದಳು. ಬೆಣ್ಣೆಯಂತೆ ಕೊಯ್ಯಿಸಿಕೊಂಡದ್ದರಲ್ಲಿ ಒಂದು ಐದು ತಿಂಗಳಿನದು. ಸೀಳಿದ್ದರಲ್ಲಿ ಒಂದು ಹದಿಮೂರು ತಿಂಗಳು ಮಲಗಿದ್ದು.

ಬಹಳ ಹೊತ್ತು ಬರೆದಳು. ನಾಲಿಗೆಯಮ್ಮ ಆ ಲೇಖನಿಯ ತುದಿಯನ್ನೇ ನೋಡುತ್ತಿದ್ದಳು. ಕೊನೆಗೆ ಕೇಳಿಯೇಬಿಟ್ಟಳು: "ಈಗಲೇ ಆ ಹನ್ನೆರಡನ್ನ ಹೊಡೆದು ಹಾಕಬಾರದಾ ತಾಯಿ? ನೀವೇ ನೋಡಿದ್ರಲ್ಲ."

"ನೋಡಿದೆ ಅಮ್ಮಾ. ಆದರೆ ನಾನು ನೋಡಿದೆ ಅಂತ ನಾನೇ ಹೊಡೆದು ಹಾಕಿದ್ರೆ, ನಾಳೆ ಇನ್ನೊಬ್ಬರು ಬಂದು ಸರಿ ಇರೋದನ್ನೂ ಹೊಡೆದು ಹಾಕ್ತಾರೆ. ಆಮೇಲೆ ನೀವು ಯಾವುದನ್ನ ನಂಬಿ ಕಲ್ಲು ಮಲಗಿಸ್ತೀರಿ? ತಿದ್ದುಪಡಿಗೆ ಅರ್ಜಿ ಕೊಡಿ. ನಾಲಿಗೆ ಅಂತ ನಾಚಿಕೆ ಇಲ್ಲದೆ ಬರೀರಿ, ಇವತ್ತಿನ ಪರೀಕ್ಷೆ ಜೊತೆಗಿಡಿ. ಎಲ್ಲರಿಗೂ ತಿಳಿಸಿ, ತಕರಾರು ಕೇಳಿ, ಆಮೇಲೆ ತಿದ್ದುತ್ತಾರೆ. ಅಲ್ಲೀವರೆಗೂ ಬರೆದಿದ್ದೇ ಬರೆದಿದ್ದು. ವರ್ಷ ತುಂಬದ ಕಲ್ಲಿಗೆ ಮುದ್ರೆ ಹೊಡೆಯಂಗಿಲ್ಲ."

"ಎಷ್ಟು ದಿನ?"

"ಆರೇಳು ತಿಂಗಳು ಆಗಬಹುದು. ಕಷ್ಟ ಆಗತ್ತೆ, ಗೊತ್ತು."

"ನೋಂದಣಿ? ತಡೆಹಿಡೀತಾರಾ?"

"ಅದು ನನ್ನ ಕೈಲಿಲ್ಲ. ಕಂಡಿದ್ದನ್ನ ಬರೀತೀನಿ. ಮೂರು ಹಲಗೆ ತಿದ್ದಿದ್ದನ್ನೂ ಬರೀತೀನಿ, ನೀವಾಗೇ ಒಪ್ಕೊಂಡಿದ್ದನ್ನೂ ಬರೀತೀನಿ." ಆಮೇಲೆ ಅಧ್ಯಕ್ಷನ ಕಡೆ ತಿರುಗಿದಳು. "ಇವರ ಮುದ್ರೆ ವಿಷಯಾನೂ ಬರೀತೀನಿ. ನಲವತ್ತು ಮನೆಯೂ ಮುರಿಯೋ ನಿಯಮಕ್ಕೆ ಒಂದೇ ಮನೆಗೆ ಶಿಕ್ಷೆ ಅಂದ್ರೆ ಅದನ್ನ ನಿಯಮ ಅನ್ನಲ್ಲ, ಹಗೆ ಅಂತಾರೆ. ಮುದ್ರೆ ವಾಪಸ್ ಕೊಡಿ ಅಂತ ಆದೇಶ ಬರೋದಕ್ಕೆ ಹದಿನೈದು ದಿನ ಬೇಕು. ಅದಕ್ಕೆ ಮುಂಚೆ ಕೊಡೋದು ಬಿಡೋದು ಸಂಘಕ್ಕೆ ಬಿಟ್ಟಿದ್ದು."

ವಾಹನ ಹೊರಟುಹೋಯಿತು. ಮಂಜು ಕರಗಿ ಗುಡ್ಡ ಕಾಣತೊಡಗಿತ್ತು. ನಾಲಿಗೆಯಮ್ಮನ ಭಯ ಕರಗಿರಲಿಲ್ಲ. ಈ ಸಂಜೆ ನಲವತ್ತು ಮನೆಯ ಹೆಂಗಸರ ಮುಂದೆ ನಿಂತು ಆರೇಳು ತಿಂಗಳು ವರ್ಷ ತುಂಬದ ಕಲ್ಲಿಗೆ ಮುದ್ರೆ ಇಲ್ಲ ಎಂದು ಹೇಳಬೇಕಿತ್ತು, ಯಾಕೆ ಎಂದೂ ಹೇಳಬೇಕಿತ್ತು. ಯಾರು ಬೈಯುತ್ತಾರೆ, ಯಾರು ಬಾಗಿಲು ಹಾಕಿಕೊಳ್ಳುತ್ತಾರೆ ಎಂದು ಮನಸ್ಸು ಆಗಲೇ ಒಂದೊಂದೇ ಮುಖವನ್ನು ನೋಡುತ್ತಿತ್ತು.

ಅಧ್ಯಕ್ಷ ಬೀರುವಿನ ಬೀಗ ತೆಗೆದು ಏನನ್ನೋ ಎತ್ತಿಕೊಂಡು ಅವಳ ಪಕ್ಕ ಬಂದು ನಿಂತ.

"ನೀವೇ ಕೊಟ್ಬಿಡಿ ಅತ್ತಿಗೆ. ನನಗೆ ಮುಖ ಇಲ್ಲ."

"ಕಿತ್ಕೊಂಡಿದ್ದು ಯಾವ ಕೈ?" ಎಂದಳು ಅವಳು. ದನಿ ಗಟ್ಟಿಯಿರಲಿಲ್ಲ. "ನಾನು ಅವತ್ತು ಸುಮ್ಮನೆ ಕೂತಿದ್ದೆ, ಇವತ್ತು ಮಾತಾಡಿ ತೀರಿಸ್ದೆ. ನಿನ್ನದು ನೀನು ತೀರಿಸು."

ಹುಡುಗ ತೊಟ್ಟಿಯ ಹತ್ತಿರ ಬಗ್ಗಿ, ಕೊಯ್ದ ಕಲ್ಲುಗಳ ಪುಡಿ ತೊಳೆಯುತ್ತಿದ್ದ. ಅಧ್ಯಕ್ಷ ಹೋಗಿ ಅವನ ಹಿಂದೆ ನಿಂತ. ಕೆಮ್ಮಿದ. ಹುಡುಗ ತಿರುಗಿ ನೋಡಿ ನೆಟ್ಟಗಾದ, ಒದ್ದೆ ಕೈಯನ್ನು ಅಂಗಿಗೆ ಎರಡು ಸಲ ಒರೆಸಿಕೊಂಡ. ಅಧ್ಯಕ್ಷ ಮುದ್ರೆಯನ್ನು ಚಾಚಿದ. ಹುಡುಗ ಎರಡೂ ಕೈಯಲ್ಲಿ ತೆಗೆದುಕೊಂಡ.